ಗಾಡಿಯ ನೀರಡಿಕೆ

ಆ ಬೇಸಿಗೆಯಲ್ಲಿ ನಾನು ರಸ್ತೆ ನೋಡಿ ಗಾಡಿ ಹೊಡೆದದ್ದಕ್ಕಿಂತ ಮುಳ್ಳು ನೋಡಿ ಹೊಡೆದದ್ದೇ ಹೆಚ್ಚು. ಸ್ಟಿಯರಿಂಗಿನ ಹಿಂದೆ ಇಂಜಿನ್ನಿನ ಕಾವು ತೋರಿಸುವ ಒಂದು ಸಣ್ಣ ಮುಳ್ಳು ಇರುತ್ತದೆ. ಆರೋಗ್ಯವಾಗಿರುವ ಗಾಡಿಯಲ್ಲಿ ಅದು ನಡುಮಧ್ಯ ನಿಂತು ನಿದ್ದೆ ಹೊಡೆಯುತ್ತದೆ. ನನ್ನ ಗಾಡಿಯಲ್ಲಿ ಅದಕ್ಕೆ ನಿದ್ದೆ ಇರಲಿಲ್ಲ, ಹಾಗಾಗಿ ನನಗೂ ಇರಲಿಲ್ಲ. ಗಜೇಂದ್ರಗಡ ಬಿಡುವಾಗ ಸುಮ್ಮನಿರುತ್ತಿದ್ದ ಮುಳ್ಳು ನರೇಗಲ್ ದಾಟುತ್ತಲೇ ಮೇಲೇಳಲು ಶುರುಮಾಡಿ, ಅಬ್ಬಿಗೇರಿ ಬರುವ ಹೊತ್ತಿಗೆ ಕೆಂಪು ಗೀಟಿನ ಹತ್ತಿರ ಹೋಗಿ ನಿಲ್ಲುತ್ತಿತ್ತು.

ನನ್ನದು ಹಿಂದೆ ಮುಚ್ಚಿದ ಡಬ್ಬಿ ಇರುವ ಸಣ್ಣ ಸರಕಿನ ವ್ಯಾನು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಗಜೇಂದ್ರಗಡದ ನೇಕಾರರ ಕೈಮಗ್ಗದ ಸೀರೆಗಳನ್ನು ಪ್ರತಿ ಸೋಮವಾರ ನರಗುಂದದ ಒಬ್ಬ ಜವಳಿ ಸಾಹುಕಾರರಿಗೆ ಮುಟ್ಟಿಸಿ, ಬರುವಾಗ ನೂಲು ತರುವುದು ನನ್ನ ಮುಖ್ಯ ಕೆಲಸ. ಉಳಿದ ದಿನ ಉಳ್ಳಾಗಡ್ಡಿ, ಮೆಣಸಿನಕಾಯಿ, ಯಾರದೋ ಮನೆ ಬದಲಿಸುವ ಸಾಮಾನು, ಏನು ಸಿಕ್ಕರೂ ಸೈ. ಆದರೆ ಗಾಡಿಯ ಹೊಟ್ಟೆ ತುಂಬುತ್ತಿದ್ದದ್ದು ಸೋಮವಾರದಿಂದಲೇ. ನನ್ನ ವೈನಿಯೂ, ಅಂದರೆ ಅಣ್ಣನ ಹೆಂಡತಿಯೂ, ನೇಯುತ್ತಾರೆ. ಮೊದಲು ವೈನಿ ಮತ್ತು ನಮ್ಮ ಓಣಿಯ ನೇಕಾರರು ಮನೆ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ ರೇಟಿಗೆ ಸೀರೆ ಮಡಚಿ ಕೊಡುತ್ತಿದ್ದರು. ನನ್ನ ಗಾಡಿ ಬಂದ ಮೇಲೆ ಸೀರೆ ನೇರವಾಗಿ ಅಂಗಡಿಗೆ ಹೋಗತೊಡಗಿತು. ಅಂದರೆ ನನ್ನ ಗಾಡಿ ಕೆಟ್ಟರೆ ನಾನೊಬ್ಬನೇ ಕೆಡುತ್ತಿರಲಿಲ್ಲ. ಇಡೀ ಓಣಿ ಮತ್ತೆ ದಲ್ಲಾಳಿಯ ಮುಖ ನೋಡಬೇಕಾಗುತ್ತಿತ್ತು.

ಗಾಡಿ ಕೊಳ್ಳುವವರೆಲ್ಲ ಕೊಳ್ಳುವ ರೇಟು ಕೇಳುತ್ತಾರೆ, ಸಾಕುವ ಖರ್ಚು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಇನ್ಶೂರನ್ಸ್, ಎಫ್‌ಸಿ, ಟೈರು ಇವು ಹೇಳಿ ಕೇಳಿ ಬರುವ ನೆಂಟರು. ಹೇಳದೆ ಬರುವವೇ ಬೇರೆ. ನಮ್ಮ ಹಳ್ಳಿ ರಸ್ತೆಗಳ ತಗ್ಗಿಗೆ ಹಿಂದೆ ಭಾರ ಹೊರುವ ಕಮಾನು ಪಾಟಾ ಮುರಿಯುತ್ತದೆ. ಮಳೆಗಾಲದಲ್ಲಿ ಎರೆ ಮಣ್ಣು ಚಕ್ರದೊಳಗೆ ಹೊಕ್ಕು, ಒಣಗಿ, ಬೇರಿಂಗನ್ನು ತಿನ್ನುತ್ತದೆ. ಒಂದು ವರ್ಷ ಹೊಳೆಮಣ್ಣೂರಿಗೆ ಮಲಪ್ರಭೆ ನುಗ್ಗಿದಾಗ ಮಂದಿಯ ಕಾಳುಕಡಿ, ಪಾತ್ರೆಪಗಡ ಹೊರತರಲು ಚಕ್ರ ಮುಳುಗುವ ನೀರಿನಲ್ಲಿ ಹೋಗಿ ಬಂದೆ. ಬಾಡಿಗೆ ಕೇಳುವ ಮನಸ್ಸಾಗಲಿಲ್ಲ. ಮುಂದೆ ನಾಲ್ಕೂ ಬೇರಿಂಗು ಬದಲಿಸುವಾಗ ಮಾತ್ರ ಹೊಳೆಯನ್ನು ಬಾಯಿತುಂಬ ಬೈದೆ. ಇವೆಲ್ಲ ನನಗೆ ರೂಢಿಯಾಗಿದ್ದವು. ಪಾಟಾ ಮುರಿದರೆ ಸದ್ದು ಮಾಡುತ್ತದೆ, ಬೇರಿಂಗು ಹೋದರೆ ಗೊರಗೊರ ಅನ್ನುತ್ತದೆ. ಕಾವು ಮಾತ್ರ ಸದ್ದಿಲ್ಲದ ರೋಗ. ಅದಕ್ಕೇ ನನಗೆ ಅದರ ಮೇಲೆ ಭಯಂಕರ ಸಿಟ್ಟು.

ಮುಳ್ಳು ಕೆಂಪಿಗೆ ಹೋದಾಗ ಅಬ್ಬಿಗೇರಿಯಲ್ಲಿ ರಸ್ತೆಗೆ ಹತ್ತಿದ ಒಂದು ಮನೆಯ ಮುಂದೆ, ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸುತ್ತಿದ್ದೆ. ಒಕ್ಕಲುತನದ ದೊಡ್ಡ ಮನೆ ಅದು. ಆ ಮನೆಯ ಹಿರಿಯ ಹೆಣ್ಣುಮಗಳಿಗೆ ನಾನು ಅಮ್ಮಾರು ಎನ್ನುತ್ತಿದ್ದೆ. ಮೊದಲ ಸಲ ಹೊಗೆಯಾಡುವ ಗಾಡಿ ನೋಡಿ ಅವರೇ ಹೊರಗೆ ಬಂದಿದ್ದರು.

"ಯಪ್ಪಾ, ಗಾಡಿಗೆ ನೀರಡಿಕಿ ಆಗೇತೇನು?"

"ಹೌದ್ರಿ ಅಮ್ಮಾರ, ಒಂದ ಕೊಡ ನೀರ ಸಿಕ್ರ ಭಾಳ ಉಪಕಾರ ಆಕೈತ್ರಿ."

"ಇದಕ್ಕೇನ ಉಪಕಾರ? ಬೋರಿನ ನಳ ಹಿತ್ತಲದಾಗ ಐತಿ. ನೀ ನೆರಳಿಗೆ ಕುಂದ್ರು, ನಾ ತರ್ತೀನಿ."

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ನಾನು ಒದ್ದೆ ಗೋಣಿಚೀಲ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವುವ ಹೊತ್ತಿಗೆ ಅಮ್ಮಾರು ಕೊಡ ಹೊತ್ತು ಬರುತ್ತಿದ್ದರು. ಗಾಡಿಗೆ ಕೊಡ, ನನಗೆ ತಂಬಿಗೆ. ಕೊಡದಲ್ಲಿ ಬೋರಿನ ನೀರು, ತಂಬಿಗೆಯಲ್ಲಿ ಕೆರೆಯ ನೀರು. ನಮ್ಮ ಎರೆ ಸೀಮೆಯಲ್ಲಿ ಭೂಮಿಯೊಳಗಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ. ಸಿಹಿನೀರೆಂದರೆ ಕೆರೆಯದು. ಆ ಕೆರೆಗೆ ಚಪ್ಪಲಿ ಬಿಟ್ಟು ಇಳಿಯಬೇಕು, ಅಲ್ಲಿ ದನ ತೊಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಈಗ ಊರೂರಿಗೆ ಫಿಲ್ಟರ್ ನೀರು ಬಂದಿದ್ದರೂ ಹಳೆಯ ಮನೆಗಳಲ್ಲಿ ಬಟ್ಟೆಯಲ್ಲಿ ಸೋಸಿದ ಕೆರೆ ನೀರೇ ಕುಡಿಯುವ ನೀರು. ಅದನ್ನು ಗಾಡಿಗೆ ಸುರಿಯುವ ಮಾತು ನನ್ನ ತಲೆಗೂ ಬಂದಿರಲಿಲ್ಲ, ಬಂದಿದ್ದರೆ ನಾನೇ ನಾಚಿಕೊಳ್ಳುತ್ತಿದ್ದೆ. ಅಮ್ಮಾರು ಒಮ್ಮೆ ನಗುತ್ತ ಹೇಳಿದ್ದೂ ಹಾಗೆಯೇ: "ಕೆರೀ ನೀರು ಮಂದಿಗೆ. ಬೋರಿನ ನೀರು ದನಕ್ಕ, ಬಳಕಿಗೆ, ಮತ್ತ ನಿನ್ನ ಗಾಡಿಗೆ."

ಅಬ್ಬಿಗೇರಿ ಒಂದೇ ಅಲ್ಲ. ಗಾಡಿ ಎಲ್ಲಿ ಬಾಯಿಬಿಟ್ಟರೆ ಅಲ್ಲಿ ಯಾರಾದರೂ ಕೊಡ ತಂದು ಕೊಡುತ್ತಿದ್ದರು. ನರಗುಂದ ಮುಟ್ಟಿದ ಮೇಲೂ ಸಾಹುಕಾರರಿಗೆ ನಮಸ್ಕಾರ ಹೇಳುವ ಮೊದಲೇ ನಾನು ಕೇಳುತ್ತಿದ್ದದ್ದು ನೀರನ್ನು. ಅಂಗಡಿಯವರಿಗೆ ಅದೊಂದು ನಗೆಯ ಮಾತಾಗಿತ್ತು.

ರೋಗ ಹುಡುಕಲು ನಾನೇನು ಕಡಿಮೆ ಓಡಾಡಲಿಲ್ಲ. ನಮ್ಮೂರ ಗ್ಯಾರೇಜಿನವ ಮೊದಲು ಥರ್ಮೋಸ್ಟಾಟ್ ಕಿತ್ತು ಒಗೆದ. ನೀರನ್ನು ತಡೆದು ಬಿಡುವ ಬಾಗಿಲು ಅದು, ನಮ್ಮ ಬಿಸಿಲಿಗೆ ಅದು ಬೇಡವೇ ಬೇಡ ಎಂದು ಅವನ ವಾದ. ಒಂದು ವಾರ ಆರಾಮೆನಿಸಿತು, ಮತ್ತೆ ಅದೇ ಹಾಡು. ಆಮೇಲೆ ರೇಡಿಯೇಟರಿನ ಮುಚ್ಚಳ ಬದಲಿಸಿದೆ. ಆಮೇಲೆ ಫ್ಯಾನಿನ ಬೆಲ್ಟು. ಆಮೇಲೆ ಪೈಪುಗಳು. ಒಂದು ಪೈಪು ಸಣ್ಣಗೆ ಸೋರುತ್ತಿದ್ದದ್ದು ಸಿಕ್ಕಾಗ ಕಳ್ಳ ಸಿಕ್ಕನೆಂದು ಮಿಠಾಯಿ ಹಂಚುವಷ್ಟು ಖುಷಿಯಾಗಿತ್ತು. ಅದು ಕಳ್ಳನಲ್ಲ, ಕಳ್ಳನಿಗೆ ಬಾಗಿಲು ತೆರೆದುಕೊಟ್ಟವ ಎಂದು ತಿಳಿದದ್ದು ಆಮೇಲೆ. ಟೈರಿಗೆಂದು ಎತ್ತಿಟ್ಟ ರೊಕ್ಕ ಹೀಗೆ ಚೂರು ಚೂರಾಗಿ ಕರಗುತ್ತ ಬಂತು.

ಕೊನೆಗೆ ಒಂದು ಸೋಮವಾರ ರೋಣ ದಾಟಿ ನರಗುಂದದ ಕಡೆ ಸ್ವಲ್ಪ ದೂರ ಹೋಗಿದ್ದೆ. ಗಾಡಿ ಒಮ್ಮೆಲೆ ಜಗ್ಗಲೊಲ್ಲದಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣಿಸದಷ್ಟು ಬಿಳಿ ಹೊಗೆ. ಇಳಿದು ಇಂಜಿನ್ನಿನ ಮೇಲಿನ ಸೀಟು ಎತ್ತಿ ಎಣ್ಣೆಯ ಕಡ್ಡಿ ಎಳೆದೆ. ಕಪ್ಪಗಿರಬೇಕಾದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಎಣ್ಣೆಯೊಳಗೆ ಹೋಗಿತ್ತು. ಗಾಡಿ ಇಟ್ಟವನಿಗೆ ಅದಕ್ಕಿಂತ ಕೆಟ್ಟ ಬಣ್ಣ ಇನ್ನೊಂದಿಲ್ಲ. ಎಣ್ಣೆಯ ಕಡ್ಡಿ ಹಿಡಿದುಕೊಂಡೇ ರಸ್ತೆ ಬದಿಗೆ ಕುಳಿತುಬಿಟ್ಟೆ, ಅತ್ತುಬಿಡುತ್ತೇನೆ ಅನ್ನಿಸಿತು.

ದಾರಿಹೋಕ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಗಾಡಿಯನ್ನು ರೋಣಕ್ಕೆ ಎಳೆದು ತಂದರು. ಸೀರೆಯ ಗಂಟುಗಳನ್ನು ಬಸ್ಸಿಗೆ ಹಾಕಿಕೊಂಡು ನಾನು ನರಗುಂದ ಮುಟ್ಟುವಾಗ ಸಂಜೆಯಾಗಿತ್ತು. ಬಂದ ಗಿರಾಕಿಗಳು ತಿರುಗಿ ಹೋಗಿದ್ದರು. ಸಾಹುಕಾರರು ಬೈಯಲಿಲ್ಲ. ಚಹಾ ತರಿಸಿಕೊಟ್ಟರು.

"ತಮ್ಮಾ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ," ಎಂದರು. "ಆದ್ರ ಬರೂ ಅಮಾಸಿ ಮುಗದ ಸೋಮವಾರ ಮದಿವಿ ಜವಳಿ ಶುರು ಆಕೈತಿ. ಹಳ್ಳೀ ಮಂದಿ ಮುಂಜಾನೆ ಬಂದು ಮಧ್ಯಾಹ್ನಕ್ಕ ಹೊಳ್ಳಿ ಹೋಗೂ ಮಂದಿ. ಅವತ್ತ ಮಧ್ಯಾಹ್ನದೊಳಗ ನಿನ್ನ ಗಾಡಿ ಬಂದ್ರ ಬಂತು. ಇಲ್ಲಾಂದ್ರ ನಾ ಬ್ಯಾರೆ ಕಡಿಂದ ಮಾಲು ತರಿಸ್ತೀನಿ. ಒಮ್ಮೆ ತರಿಸಿದ್ನಂದ್ರ ಮತ್ತ ಅವರನ್ನ ಬಿಡಾಕ ಬರೂದಿಲ್ಲ."

"ಬರ್ತೈತ್ರಿ ಸಾವಕಾರ್ರ," ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ನನಗೇ ತಿಳಿಯದು.

ರೋಣದ ಗ್ಯಾರೇಜಿನ ಮಿಸ್ತ್ರಿ ಮಾತು ಕಡಿಮೆಯ ಮನುಷ್ಯ. ನಾನು ಬಾಯಿ ತೆರೆದರೆ ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದರು, ಸುಮ್ಮನಿರು ಎಂದು ಅರ್ಥ. ಮರುದಿನ ಇಂಜಿನ್ನಿನ ಹೆಡ್ಡು ಬಿಚ್ಚಿದರು. ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಒಂದು ಕಡೆ ಸುಟ್ಟು ಹರಿದಿತ್ತು. ಅದನ್ನು ಪಕ್ಕಕ್ಕಿಟ್ಟು, ನೀರು ತಿರುಗಾಡುವ ತೂತುಗಳಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡು ಎಂದು ಕೈಮಾಡಿದರು. ಬೆರಳು ಹೋಗಬೇಕಾದ ತೂತಿನಲ್ಲಿ ಕಡ್ಡಿ ಹೋಗುವಷ್ಟು ಜಾಗವಿತ್ತು. ಸುತ್ತಲೂ ಬಿಳಿಯ ಗಟ್ಟಿ ಹೊಪ್ಪಳೆ. ಅದನ್ನು ಉಗುರಿನಿಂದ ಕೆರೆದ ಕೂಡಲೇ ಗುರುತು ಹತ್ತಿತು. ನಮ್ಮ ಬಚ್ಚಲಿನ ಹಂಡೆಯೊಳಗೆ ಕಟ್ಟುವುದೂ ಇದೇ.

"ಏನ ನೀರ ಹಾಕ್ತಿದ್ರಿ ಇದಕ್ಕ?" ಮಿಸ್ತ್ರಿ ಕೇಳಿದರು.

"ಬೋರಿಂದ್ರಿ."

"ಎಲ್ಲಿದು?"

"ಎಲ್ಲಾ ಊರಿಂದ್ರಿ."

ಅವರು ನಗಲಿಲ್ಲ. "ಪೈಪ್ ಸೋರಿದಾಗ ಕೂಲಂಟ್ ಹೋಗೇತಿ. ನೀವು ಸವಳ ನೀರ ತುಂಬೀರಿ. ಅದು ಕಾದಂಗ ಉಪ್ಪು ಒಳಗ ಉಳದು ದಾರಿ ಮುಚ್ಚೇತಿ. ದಾರಿ ಮುಚ್ಚಿದ್ರ ಗಾಡಿ ಮತ್ತ ಕಾಯ್ತೈತಿ, ನೀವು ಮತ್ತ ಅದ ನೀರ ಹಾಕ್ತೀರಿ," ಎಂದು ಒರೆಸುವ ಅರಿವೆಯಿಂದ ಕೈ ಒರೆಸಿಕೊಂಡರು. ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಗಾಡಿ ಹಾಳಾದದ್ದಕ್ಕಿಂತ ಹೆಚ್ಚು ನನಗೆ ನಾಟಿದ್ದು ಬೇರೆ. ನನ್ನ ಕಣ್ಣಿಗೆ ಬಂದದ್ದು ಬೇವಿನ ಗಿಡದ ಕೆಳಗೆ ಕೊಡ ಹೊತ್ತು, ಉರಿಬಿಸಿಲಲ್ಲಿ ಬರಿಗಾಲಲ್ಲಿ ಓಡಿಬರುವ ಅಮ್ಮಾರು. ಅವರು ಅಕ್ಕರೆಯಿಂದ ಕೊಟ್ಟದ್ದನ್ನು ನಾನು ಅಕ್ಕರೆಯಿಂದ ಇಸಿದುಕೊಂಡೆ. ಇಬ್ಬರೂ ಕೂಡಿ ಗಾಡಿಯ ಗಂಟಲು ಕಟ್ಟಿಸಿದ್ದೆವು. ಇದನ್ನು ಅವರಿಗೆ ಹೇಗೆ ಹೇಳುವುದು? ಹೇಳದೆ ಹೇಗೆ ಆ ಗಿಡದ ಮುಂದೆ ಹಾಯುವುದು?

ಮಿಸ್ತ್ರಿ ಎರಡು ದಾರಿ ಇಟ್ಟರು. ಒಂದು, ಹೆಡ್ಡು ಲೇತಿಗೆ ಕಳಿಸಿ ಮಟ್ಟ ಮಾಡಿಸಿ, ಬ್ಲಾಕು ತೊಳೆದು, ರೇಡಿಯೇಟರ್ ಹೊಸದು ಹಾಕಿ ಪೂರ್ತಿ ಕೆಲಸ ಮಾಡುವುದು. ಅದಕ್ಕೆ ಟೈರಿನ ಉಳಿದ ರೊಕ್ಕವಷ್ಟೇ ಅಲ್ಲ, ಆ ವರ್ಷದ ನನ್ನ ದುಡಿಮೆಯ ದೊಡ್ಡ ಭಾಗವೇ ಹೋಗುತ್ತಿತ್ತು. ಇನ್ನೊಂದು, ಬರೀ ಗ್ಯಾಸ್ಕೆಟ್ ಬದಲಿಸಿ, ಸೋರಿಕೆ ಮುಚ್ಚುವ ಪುಡಿ ಹಾಕಿ ಮಾರಿಬಿಡುವುದು. "ಎರಡ ತಿಂಗಳ ಓಡ್ತೈತಿ. ಮಂದಿ ಹಂಗ ಮಾಡ್ತಾರ. ಮಾಡ್ರಿ ಅಂತ ನಾ ಹೇಳೂದಿಲ್ಲ," ಎಂದರು.

ನಿಜ ಹೇಳುತ್ತೇನೆ, ನನ್ನ ಮನಸ್ಸು ಪುಡಿಯ ಕಡೆಗೇ ವಾಲಿತ್ತು. ಮಾರಿ ಬಂದ ರೊಕ್ಕಕ್ಕೆ ಇನ್ನೊಂದು ಗಾಡಿ ನೋಡಬಹುದಿತ್ತು. ಮನೆಗೆ ಹೋಗಿ ವೈನಿಗೆ ಹೇಳಿದೆ. ಅವರು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕುಳಿತಿದ್ದರು. ಲಾಳಿ ನಿಲ್ಲಿಸಲಿಲ್ಲ.

"ಕೊಳ್ಳಾಂವ ಯಾರು?" ಎಂದು ಕೇಳಿದರು.

"ಯಾರೋ ಒಬ್ಬ. ನನ್ನಂಥವನ."

ಆಗ ಲಾಳಿ ನಿಂತಿತು. ನೇಯ್ದ ಸೀರೆಯ ಅಂಚನ್ನು ನನ್ನ ಕಡೆ ಎಳೆದು ತೋರಿಸಿದರು. ಅಲ್ಲೊಂದು ಬಣ್ಣದ ನೂಲಿನ ಸಣ್ಣ ಕುಚ್ಚು ಕಟ್ಟಿತ್ತು. ನೇಯುವಾಗ ಎಲ್ಲಿ ತಪ್ಪು ಬೀಳುತ್ತದೋ ಅದರ ನೇರಕ್ಕೆ ಅಂಚಿಗೆ ಕುಚ್ಚು ಕಟ್ಟುವುದು ನಮ್ಮ ಮನೆಯ ರೀತಿ. ಕೊಳ್ಳುವವರು ಮಡಿಕೆ ಬಿಚ್ಚುವ ಮೊದಲೇ ಕಾಣಬೇಕು.

"ನಾವು ಒಂದ ಎಳಿ ತಪ್ಪಿದ್ರ ಕುಚ್ಚ ಕಟ್ಟಿ ಕೊಡ್ತೀವಿ. ನೀ ಅಷ್ಟ ದೊಡ್ಡ ಗಾಡಿ ಮಾರ್ತೀದಿ, ಕುಚ್ಚ ಎಲ್ಲಿ ಕಟ್ಟತೀಯಪಾ?"

ಮರುದಿನ ಮೊದಲ ಬಸ್ಸಿಗೆ ರೋಣಕ್ಕೆ ಹೋಗಿ ಮಿಸ್ತ್ರಿಗೆ, "ಪೂರ್ತಿ ಕೆಲಸ ಮಾಡ್ರಿ," ಎಂದೆ.

ಮುಂದಿನ ದಿನಗಳು ಗ್ಯಾರೇಜಿನಲ್ಲೇ ಕಳೆದವು. ಹೆಡ್ಡನ್ನು ನಾನೇ ಗದಗಿನ ಲೇತಿಗೆ ಒಯ್ದು ಮಟ್ಟ ಮಾಡಿಸಿ ತಂದೆ. ಅದು ಸೀಳಿಲ್ಲ ಎಂದು ಕೇಳಿದಾಗ ನಾನು ಲೇತಿನವರ ಕೈ ಹಿಡಿದು ಅಲುಗಾಡಿಸಿದೆ, ಅವರಿಗೆ ಗಾಬರಿಯಾಯಿತು. ಹಳೆಯ ರೇಡಿಯೇಟರನ್ನು ಉಳಿಸೋಣವೆಂದು ಮಿಸ್ತ್ರಿ ಅದರ ಕೊಳವೆಗಳಲ್ಲಿ ಸಲಾಕೆ ಆಡಿಸಿ ನೋಡಿದರು. ಉಪ್ಪಿನ ಜೊತೆ ಕೊಳವೆಯೂ ಕಿತ್ತು ಬಂತು. ಹೊಸದೇ ಬೇಕಾಯಿತು. ಬ್ಲಾಕಿನ ನೀರಿನ ದಾರಿಗಳಿಗೆ ಔಷಧಿ ಬಿಟ್ಟು, ನೆನೆಸಿ, ತೊಳೆದು, ತಿಳಿನೀರು ಬರುವವರೆಗೂ ಮತ್ತೆ ಮತ್ತೆ ಅದನ್ನೇ ಮಾಡಿದೆವು. ಕಿತ್ತು ಒಗೆದಿದ್ದ ಥರ್ಮೋಸ್ಟಾಟ್ ಹೊಸದಾಗಿ ಬಂದು ತನ್ನ ಜಾಗದಲ್ಲಿ ಕುಳಿತಿತು. ಹೆಡ್ಡಿನ ಬೋಲ್ಟುಗಳನ್ನು ಮಿಸ್ತ್ರಿ ನಡುವಿನಿಂದ ಶುರುಮಾಡಿ ಹೊರಗೆ, ಒಂದು ಈ ಕಡೆ ಒಂದು ಆ ಕಡೆ, ಬಿಗಿತ ಅಳೆಯುವ ಸ್ಪ್ಯಾನರ್ ಹಿಡಿದು ಬಿಗಿದರು. ಒಂದೇ ಕಡೆಯಿಂದ ಬಿಗಿದರೆ ಹಾಳೆ ಮತ್ತೆ ಸುಡುತ್ತದಂತೆ. ಕೊನೆಗೆ ಇಂಜಿನ್ ತಣ್ಣಗಿಡುವ ಕೂಲಂಟು, ಅದರೊಡನೆ ಬ್ಯಾಟರಿಗೆ ಹಾಕುವ ಶುದ್ಧ ನೀರು.

ಸಾಹುಕಾರರು ಹೇಳಿದ ಸೋಮವಾರದ ಹಿಂದಿನ ದಿನ ಗಾಡಿ ಶುರುವಾಯಿತು. ಸದ್ದು ಕೇಳಿದರೆ ಹೊಸ ಗಾಡಿಯೇ. ನಾನು ಹಿಗ್ಗಿ ಊರ ಹೊರಗೆ ಒಂದು ಸುತ್ತು ಹೊಡೆದೆ. ತಿರುಗಿ ಬರುವಷ್ಟರಲ್ಲಿ ಮುಳ್ಳು ಮತ್ತೆ ಕೆಂಪಿನಲ್ಲಿತ್ತು.

ಗಾಡಿ ನಿಲ್ಲಿಸಿ, ಚಕ್ರಕ್ಕೆ ಒಂದು ಒದೆ ಕೊಟ್ಟು, ಮಿಸ್ತ್ರಿಯ ಮೇಲೂ ಹರಿಹಾಯ್ದೆ. ನನ್ನ ರೊಕ್ಕ ತಿಂದಿರಿ, ನನ್ನ ಓಣಿ ಮುಳುಗಿಸಿದಿರಿ, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಸ್ಪ್ಯಾನರನ್ನೂ ಎತ್ತಲಿಲ್ಲ. ಮೇಲಿನ ಪೈಪು ಮುಟ್ಟಿದರು, ಕೆಳಗಿನ ಪೈಪು ಮುಟ್ಟಿದರು. ಒಂದು ಕುದಿಯುತ್ತಿತ್ತು, ಇನ್ನೊಂದು ತಣ್ಣಗಿತ್ತು.

"ಒಳಗ ಗಾಳಿ ಸಿಕ್ಕೈತಿ. ಮೂತಿ ಮ್ಯಾಲ ಮಾಡಿ ನಿಲ್ಲಿಸಬೇಕು. ಏರು ಎಲ್ಲೈತಿ ಹೇಳ್ರಿ."

ರೋಣದಂಥ ಬಯಲಲ್ಲಿ ಏರು ಹುಡುಕುವುದೇ ಒಂದು ಕೆಲಸ. ಕೊನೆಗೆ ಮಾಲು ಏರಿಸುವ ಒಂದು ಕಟ್ಟೆಯ ಇಳಿಜಾರು ಸಿಕ್ಕಿತು. ಅದರ ಮೇಲೆ ಮುಂಗಾಲಿ ಏರಿಸಿ, ಆರಿದ ಮೇಲೆ ಮುಚ್ಚಳ ತೆಗೆದು, ಇಂಜಿನ್ ಸಣ್ಣಗೆ ಓಡಿಸುತ್ತ ಕುಳಿತೆವು. ಗುಳುಗುಳು ಎಂದು ಗುಳ್ಳೆ ಬಂದವು. ಬರುತ್ತಲೇ ಇದ್ದವು. ಒಮ್ಮೆ ದೊಡ್ಡದಾಗಿ ತೇಗಿ, ಕೂಲಂಟು ಗುಳುಂ ಎಂದು ಕೆಳಗಿಳಿಯಿತು. ಕೆಳಗಿನ ಪೈಪು ಬೆಚ್ಚಗಾಯಿತು. ಮಿಸ್ತ್ರಿ ನನ್ನ ಕೈ ಹಿಡಿದು ಆ ಪೈಪಿನ ಮೇಲೆ ಇಡಿಸಿದರು. ನಾನು ಅಂದ ಮಾತಿಗೆ ಕ್ಷಮೆ ಕೇಳಿದೆ. "ಮೂತಿ ಏರಿಸಿದ್ರ ಎಲ್ಲಾ ಗಾಳಿನೂ ಹೊರಗ ಬರ್ತೈತಿ, ನಿಮ್ಮದೂ ಬಂತು," ಎಂದರು. ಕಡೆಗೆ ಒಂದೇ ತಾಕೀತು: "ಕೂಲಂಟಿನ ಬಾಟಲಿ ಗೀಟಿಗೆ ಐತಿ. ಇನ್ನ ಮ್ಯಾಲೆ ಯಾರ ಏನ ಕೊಟ್ರೂ ಇದಕ್ಕ ಹಾಕೂದಿಲ್ಲ."

ಅಂದು ರಾತ್ರಿಯೇ ಗಾಡಿ ಊರಿಗೆ ತಂದೆ. ಸೋಮವಾರ ಹೊತ್ತು ಮೂಡುವಾಗಲೇ ಓಣಿಯವರೆಲ್ಲ ಗಂಟು ತಂದು ಏರಿಸಿದರು. ಮದುವೆಯ ಸೀರೆಗಳು, ಎಂದಿಗಿಂತ ಹೆಚ್ಚು ಹೊರೆ. ವೈನಿ ಕೊನೆಯ ಗಂಟು ಇಟ್ಟು, "ಲಗೂ ಹೋಗಿ ಬಾ," ಎಂದರು, ಅಷ್ಟೇ. ನರೇಗಲ್ ದಾಟಿತು. ಮುಳ್ಳು ನಡುಮಧ್ಯ ನಿಂತಿತ್ತು. ಗಾಡಿ ನಿಲ್ಲಿಸುವ ಕಾರಣವೇ ಇರಲಿಲ್ಲ, ನಿಲ್ಲಿಸುವ ಪುರುಸೊತ್ತೂ ಇರಲಿಲ್ಲ. ಟೈರು ಹಳೆಯವು, ಜೋರು ಓಡಿಸುವಂತೆಯೂ ಇರಲಿಲ್ಲ.

ಅಬ್ಬಿಗೇರಿಯ ಬೇವಿನ ಗಿಡ ಕಂಡಿತು. ಅದರ ಕೆಳಗೆ ಅಮ್ಮಾರು ನಿಂತಿದ್ದರು, ಟೊಂಕದ ಮೇಲೆ ಕೊಡ. ಬಹಳ ದಿನದ ಮೇಲೆ ಗಾಡಿಯ ಸದ್ದು ಕೇಳಿ ತುಂಬಿಕೊಂಡು ಓಡಿ ಬಂದಿರಬೇಕು. ಕೈ ಬೀಸಿ ಮುಂದೆ ಹೋಗಬಹುದಿತ್ತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

"ಎಲ್ಲಿ ಹೋಗಿದ್ಯೋ ಯಪ್ಪಾ ಇಷ್ಟ ದಿನ? ತೊಗೊ, ಹಾಕು."

"ಬ್ಯಾಡ್ರಿ ಅಮ್ಮಾರ."

"ಯಾಕ ಬ್ಯಾಡ? ನೀರಡಿಕಿ ಇಲ್ಲೇನ ಇವತ್ತ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಾಡಿ ನಿಂತದ್ದು, ಹೆಡ್ಡು ಬಿಚ್ಚಿದ್ದು, ಒಳಗೆ ಉಪ್ಪು ಕಟ್ಟಿದ್ದು ಎಲ್ಲ ಹೇಳಿದೆ. ಅಮ್ಮಾರು ಕೊಡವನ್ನು ಮೆಲ್ಲಗೆ ನೆಲಕ್ಕಿಟ್ಟರು.

"ಹಂಗಾರ ನಾ ಇಷ್ಟ ದಿನ ಅದಕ್ಕ ವಿಷಾ ಕುಡಿಸಿದ್ನೇನೋ?"

"ಹಂಗನಬ್ಯಾಡ್ರಿ. ಅವತ್ತವತ್ತ ನೀವು ನೀರ ಕೊಡದಿದ್ರ ಗಾಡಿ ಇಲ್ಲೇ ಸುಟ್ಟ ಹೋಗ್ತಿತ್ತು. ನಿಮ್ಮ ಕೊಡದಿಂದನ ನಾ ಅಷ್ಟ ದಿನ ನರಗುಂದ ಮುಟ್ಟೀನಿ."

ಅದು ಸಮಾಧಾನದ ಮಾತಲ್ಲ, ಖರೆಯ ಮಾತು. ಆದರೆ ಅವರು ಒಳಗೆ ಹೋಗಿಬಿಟ್ಟರು. ನೋಯಿಸಿದೆ ಎಂದುಕೊಂಡೆ. ಹೊರಡಲೂ ಆಗದೆ, ನಿಲ್ಲಲೂ ಆಗದೆ, ಏರುವ ಹೊತ್ತನ್ನು ನೋಡುತ್ತ ಬಾಗಿಲು ಹಿಡಿದು ನಿಂತೆ. ಅಷ್ಟರಲ್ಲಿ ಅವರು ಹೊರಬಂದರು. ಕೈಯಲ್ಲಿ ಹಿತ್ತಾಳೆಯ ತಂಬಿಗೆ, ಮೇಲೆ ಬಿಳಿ ಅರಿವೆ ಮುಚ್ಚಿತ್ತು.

"ಇದು ಕೆರೀದು. ಮುಂಜಾನೆ ಸೋಸಿ ತುಂಬಿದ್ದು. ಇದನ್ನ ಹಾಕು."

"ಅಮ್ಮಾರ, ಇದು ಮಂದಿ ಕುಡಿಯೂ ನೀರ್ರಿ."

"ಇದು ಮಂದಿನ್ನ ಸಾಕೂ ಗಾಡಿ. ಹಾಕು, ಲಗೂ ಹೋಗು."

ಸೀಟು ಎತ್ತಿದೆ. ಬಾಟಲಿಯಲ್ಲಿ ಕೂಲಂಟು ಗೀಟಿಗೆ ಸರಿಯಾಗಿ ನಿಂತಿತ್ತು. ಮಿಸ್ತ್ರಿ ಅಲ್ಲಿದ್ದರೆ ನನ್ನ ಕೈ ಹಿಡಿಯುತ್ತಿದ್ದರು. ಮುಚ್ಚಳ ತೆಗೆದು, ಗುಟುಕಿನಷ್ಟು ಮಾತ್ರ ಬಿಟ್ಟೆ. ಉಳಿದದ್ದನ್ನು ನಾನೇ ಕುಡಿದೆ. ತಂಬಿಗೆ ತಿರುಗಿ ಕೊಡುವಾಗ ನೋಡಿಕೊಂಡರೆ ನನ್ನ ಚಪ್ಪಲಿ ಗಿಡದ ಕೆಳಗಿದ್ದವು. ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ನರಗುಂದದಲ್ಲಿ ಅಂಗಡಿಯ ಮುಂದೆ ಮದುವೆ ಮಂದಿ ಕಟ್ಟೆಯ ತುಂಬ ಕುಳಿತಿದ್ದರು. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಗಂಟುಗಳು ಒಂದೊಂದಾಗಿ ಇಳಿದವು. ಎಲ್ಲ ಇಳಿದ ಮೇಲೆ ಸಾಹುಕಾರರು ಹೊರಗೆ ಬಂದು ಗಾಡಿಯ ಮೂತಿಯ ಮೇಲೆ ಅಂಗೈ ಇಟ್ಟು ನೋಡಿದರು. ಮುಂದಿನ ಸೋಮವಾರ ಇನ್ನೂ ಸ್ವಲ್ಪ ಹೆಚ್ಚು ಸೀರೆ ಬೇಕು ಎಂದರು. ಆಮೇಲೆ ಏನೋ ನೆನಪಾದವರ ಹಾಗೆ ನನ್ನ ಕಡೆ ತಿರುಗಿದರು.

"ಅಲ್ಲೋ ತಮ್ಮಾ, ಇವತ್ತ ಬಂದವನ ನೀರ ಕೇಳಲಿಲ್ಲಲ್ಲ?"

"ದಾರ್ಯಾಗ ಕುಡದ ಬಂದೈತ್ರಿ," ಎಂದೆ.